ಹೆಣಕ್ಕೆ ಹೆಗಲು ಕೊಡದ ವಿಶ್ವಾಸಿಗಳಿಗೆ



ಹೋದ ಬ್ಯಾಸಿಗ್ಯಾಗ ದೇವದುರ್ಗ ತಾಲ್ಲೂಕಿನ ನಮ್ಮ ಕೇರಿಯಲ್ಲಿ ನನ್ನ ದೊಡ್ಡವ್ವ ತೀರಿಕೊಂಡಳು. ಹತ್ತಿ ಬಿಡಿಸಿ ಬಿಡಿಸಿ ಬೆರಳು ಒಡೆದ ಜೀವ. ಎಲ್ಲಮ್ಮಗ ನಡಕೋತಿದ್ದಳು, ಹಬ್ಬಕ್ಕೊಮ್ಮೆ ಒಂದೀಟು ಕುಡೀತಿದ್ದಳು. ಹಲಗಿ ಬಡಿದು ಹೆಣ ಎತ್ತಬೇಕೆಂದರು ಹಿರಿಯರು. ಆಕೆಯ ಖಾಸಾ ಮಗ, ಮಾನ್ವಿಯಲ್ಲಿ ಗಾರೆ ಕೆಲಸ ಮಾಡುವ ನಮ್ಮಣ್ಣ, ಕಂಕುಳಲ್ಲಿ ಬೈಬಲ್ಲು ಹಿಡಿದು ಬೇವಿನ ಗಿಡದ ಕೆಳಗೆ ದೂರ ನಿಂತುಬಿಟ್ಟ. "ಹಲಗಿ ನಿಲ್ಲಿಸ್ರಿ, ಹಣಿ ಮ್ಯಾಲಿನ ಭಂಡಾರ ಒರಸ್ರಿ, ಆಮ್ಯಾಲ ಮುಟ್ತೀನಿ. ನಾ ರಕ್ಷಣೆ ಹೊಂದಿದಾವ, ಇದು ಸೈತಾನನ ಕೆಲಸ."

ಯಣ್ಣಾ, ಈ ಮಾತು ಎಲ್ಲಿ ಕಲಿತಿ? ಮುಟ್ಟಬ್ಯಾಡ, ದೂರ ನಿಲ್ಲು ಅನ್ನೋದು ಗೌಡರ ಓಣಿಯ ಮಾತು. ಅವರು ನಮಗಂದದ್ದನ್ನ ನೀ ಹೆತ್ತವ್ವಗ ಅಂದಿ.

ನೀನು ಕ್ರೈಸ್ತನಾದದ್ದಕ್ಕೆ ನನ್ನ ತಕರಾರಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರೇ ಲಕ್ಷಾಂತರ ಜನರೊಂದಿಗೆ ಹಿಂದೂ ಧರ್ಮ ಬಿಟ್ಟು ಬಂದರು. ಬಿಟ್ಟು ಬಂದದ್ದು ಮಡಿ-ಮೈಲಿಗೆಯನ್ನು. ನೀನು ಅದನ್ನೇ ಬೈಬಲ್ಲಿನ ಚೀಲದಾಗ ಹೊತ್ತು ತಂದೀಯಲ್ಲ!

ನಿನ್ನ ಪುಸ್ತಕ ನಾನೂ ಓದೀನಿ. ಗುಡಿಯಲ್ಲಿ ಪ್ರಾರ್ಥಿಸಿದ ಇಬ್ಬರ ಕಥೆ ಯೇಸು ಹೇಳ್ತಾನ. ಫರಿಸಾಯ ತನ್ನ ಉಪವಾಸ, ತನ್ನ ದಶಮಾಂಶ ಲೆಕ್ಕ ಒಪ್ಪಿಸಿದ. ಸುಂಕದವ ದೂರ ನಿಂತು ಎದೆ ಬಡಕೊಂಡ. ದೇವರಿಗೆ ಒಪ್ಪಿಗೆಯಾದವ ಎರಡನೆಯವ. ನೀನೂ ದೂರ ನಿಂತಿ, ಖರೆ. ಎದೆ ಮಾತ್ರ ಫರಿಸಾಯನದು. ನಾಯಿನ್ ಎಂಬ ಊರಿನ ಬಾಗಿಲಲ್ಲಿ ವಿಧವೆಯ ಒಬ್ಬನೇ ಮಗನ ಹೆಣ ಎದುರು ಬಂತು. ಯೇಸು ಆ ತಾಯಿಯ ಕಣ್ಣೀರು ನೋಡಿ ಮರುಗಿ ಚಟ್ಟ ಮುಟ್ಟಿದ. ಆಕಿನ ನಡತಿ ಎಂಥಾದ್ದು ಅಂತ ಕೇಳಲಿಲ್ಲ.

ಇನ್ನೊಂದು ಸಂಗತಿ. ಮಗಳ ಹಾಸ್ಟೆಲ್ ಸೀಟಿಗಾಗಿ ಕಾಗದದಲ್ಲಿ 'ಹಿಂದೂ ಮಾದಿಗ' ಅಂತ ಉಳಿಸಿಕೊಂಡವರನ್ನು ನೀವು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ ಸುಳ್ಳರು ಅಂತೀರಿ. 1950ರ ರಾಷ್ಟ್ರಪತಿ ಆದೇಶ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತ ದಲಿತ ಹೊರಗೇ ಉಳಿದ. 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಅವನಿಗಿಲ್ಲ. ನೀರಾಗ ಮುಳುಗಿ ಎದ್ದರೆ ಚಾದಂಗಡಿಯ ಬ್ಯಾರೆ ಲೋಟ ಬದಲಾಗ್ತದೇನು? ಸುಳ್ಳು ಕಾಯ್ದೆಯದು, ಶಿಕ್ಷೆ ಕೂಲಿಯವನಿಗೆ. ನಿಮ್ಮ ಸಿಟ್ಟು ದಿಲ್ಲಿಯ ಕಡೆ ಯಾಕೆ ತಿರುಗುವುದಿಲ್ಲ?

ನಮ್ಮ ಚಳವಳಿಯವರೂ ಕಡಿಮೆ ಇಲ್ಲ. ರಾಯಚೂರಿನಲ್ಲಿ ಬಿ.ಎ. ಮುಗಿಸಿದ ಗತ್ತಿನಲ್ಲಿ ನಾನೂ ಅಂದು ಅಣ್ಣನಿಗೆ ಕೇರಿದ್ರೋಹಿ ಎಂದೆ, ದೊಡ್ಡ ಭಾಷಣ ಬಿಗಿದೆ. ಹೆಣ ಬಿಸಿಲಲ್ಲೇ ಇತ್ತು.

ಭಾಷಣ ಮುಗಿಯುವುದನ್ನು ಕಾಯದೆ ಮುಂದೆ ಬಂದವಳು ಅಣ್ಣನ ಹೆಂಡತಿ. ಆಕೆಯೂ ದೀಕ್ಷಾಸ್ನಾನ ಆದವಳೇ. ಸೆರಗು ಸಿಕ್ಕಿಸಿ ಅತ್ತೆಯ ಕಾಲು ತೊಳೆದಳು, ಹಣೆಯ ಭಂಡಾರ ಸರಿಮಾಡಿದಳು. ಗಂಡ ಕೂಗಿದ. "ನಮ್ಮತ್ತಿಗ ಅದು ಬೇಕಿತ್ತು. ನನ್ನ ದೇವ್ರು ಕೇಳಿದ್ರ ನಾ ಹೇಳ್ಕೋತೀನಿ" ಅಂದು ಚಟ್ಟಕ್ಕೆ ಕೈ ಹಚ್ಚಿದಳು. ನಾನು ಬಾಯಿ ಮುಚ್ಚಿ ಇನ್ನೊಂದು ತುದಿ ಹಿಡಿದೆ.

ಯಣ್ಣಾ, ದಿನದ ಊಟಕ್ಕೂ ನೀ ಬರಲಿಲ್ಲ. ವರ್ಷದ ಎಡೆಗಾದರೂ ಬಾ. ಹಲಗಿ ಇರ್ತದ, ಮೊದಲೇ ಹೇಳ್ತೀನಿ. ಬೈಬಲ್ಲೂ ತಗೊಂಡು ಬಾ. ಅವತ್ತಿನ ನನ್ನ ಮಾತಿಗೆ ನಾ ಮಾಫಿ ಕೇಳೋದದ.