ಅತ್ತಿ ‘ಬಂತು’ ಅಂದದ್ದಕ್ಕೆ ಆದ ರಾದ್ಧಾಂತ

ನನ್ನ ಹೆಂಡತಿ ಒಡಿಶಾದ ಕಟಕ್‌ನವಳು, ನಾನು ಗಜೇಂದ್ರಗಡದವನು. ಬೆಂಗಳೂರಿನ ಆಫೀಸಿನಲ್ಲಿ ಪರಿಚಯವಾಗಿ, ಎರಡೂ ಮನೆಯವರನ್ನು ಹೆಂಗೋ ಒಪ್ಪಿಸಿ ಮದುವೆಯಾದೆವು. ನಾವಿಬ್ಬರೂ ಮಾತಾಡೋದು ಇಂಗ್ಲಿಷಿನಲ್ಲಿ, ಜಗಳಾಡೋದು ಹಿಂದಿಯಲ್ಲಿ. ನಮ್ಮವ್ವನಿಗೆ ಎರಡೂ ಬರುವುದಿಲ್ಲ. ಹಾಗಾಗಿ ಹೆಂಡತಿ ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡು, ನನ್ನನ್ನೂ ಪೀಡಿಸಿ, ಕನ್ನಡ ಕಲಿಯಲು ಶುರು ಮಾಡಿದಳು.

ಹೋದ ವರ್ಷ ರೋಣದಲ್ಲಿ ಸೋದರಮಾವನ ಹೊಸ ಮನೆಯ ವಾಸ್ತುಶಾಂತಿ ಇತ್ತು. ನರಗುಂದದ ಬೀಗರೆಲ್ಲ ಬಂದಿದ್ದರು. ಅವ್ವ ಬಂದದ್ದು ಸ್ವಲ್ಪ ತಡವಾಗಿ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಖುಷಿಯಿಂದ ಒಳಗಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿದಳು: “ಅತ್ತಿ ಬಂತು!”

ಇಡೀ ಪಡಸಾಲಿ ನಕ್ಕಿತು. “ಬಸ್ ಬಂತು ಅಂದಂಗ ಅಂತಾಳಲ್ಲ!” ಅಂದರು ಒಬ್ಬರು. ಅವ್ವ ಮಾತ್ರ ನಗಲಿಲ್ಲ. ರಾತ್ರಿ ನನ್ನನ್ನು ಬದಿಗೆ ಕರೆದು, “ಯಪ್ಪಾ, ನಾ ಏನ್ ಎಮ್ಮೇನು, ಬಂತು ಅನ್ನಾಕ?” ಅಂದಳು. ನಾನು ಅದನ್ನು ತಮಾಷೆ ಅಂದುಕೊಂಡು ಹೆಂಡತಿಗೆ ಹೇಳಿಬಿಟ್ಟೆ. ಅದೇ ನಾನು ಮಾಡಿದ ತಪ್ಪು. ಅವತ್ತಿನಿಂದ ಆಕೆ ಕನ್ನಡ ಬಂದ್ ಮಾಡಿದಳು. ಊರಿಂದ ಫೋನ್ ಬಂದರೆ “ನಮಸ್ಕಾರ ಅತ್ತಿ” ಅಂತ ಹೇಳಿ ಫೋನು ನನ್ನ ಕೈಗೆ. ಆರು ತಿಂಗಳು ಹೀಗೇ ನಡೆಯಿತು. ಆಚೆ ಕಡೆ ಅವ್ವ, “ಆಕಿಗೆ ನಾ ಬ್ಯಾಡಾಗೀನಿ” ಅನ್ನೋಳು.

ಇದು ಬಿಡಿಸಿಕೊಂಡದ್ದು ಜಕಾರ್ತದಿಂದ!

ಆಫೀಸಿನಲ್ಲಿ ನನಗೊಂದು ಹೊಸ ಪ್ರಾಜೆಕ್ಟ್ ಬಂತು, ಟೀಮ್ ಇಂಡೊನೇಷ್ಯಾದ್ದು. ಒಂದು ದಿನ ಕಾಲ್‌ನಲ್ಲಿ ಅಲ್ಲಿಯ ಗೆಳೆಯ ತನ್ನ ‘ಇಸ್ತ್ರಿ’ಗೆ ಹುಷಾರಿಲ್ಲ ಅಂದ. ಇಸ್ತ್ರಿ ಪೆಟ್ಟಿಗೆ ಕೆಟ್ಟರೆ ರಜೆ ಯಾಕೆ ಅಂತ ನನಗೆ ಆಶ್ಚರ್ಯ. ಇಸ್ತ್ರಿ ಅಂದರೆ ಅವರಲ್ಲಿ ಹೆಂಡತಿ, ನಮ್ಮ ‘ಸ್ತ್ರೀ’. ಗಂಡ ‘ಸುಆಮಿ’, ನಮ್ಮ ಸ್ವಾಮಿ. ಆಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಭಾಷೆ ‘ಬಹಾಸಾ’, ಶಿಕ್ಷಕ ‘ಗುರು’, ಆನೆ ‘ಗಜಾ’. ‘ನೆಗಾರಾ’ ಅಂದರೆ ನಗರವಲ್ಲ, ದೇಶ. ‘ದೇಸಾ’ ಅಂದರೆ ದೇಶವಲ್ಲ, ಹಳ್ಳಿ. ‘ದೋಸಾ’ ಅಂದರೆ ತಿನ್ನೋದಲ್ಲ, ಪಾಪ. ಸಾವಿರ ವರ್ಷಕ್ಕೂ ಹಿಂದೆ ವ್ಯಾಪಾರ, ಧರ್ಮದ ಜೊತೆ ಹಡಗು ಹತ್ತಿ ಹೋದ ಸಂಸ್ಕೃತದ ಮಾತುಗಳು ಅಲ್ಲೇ ಮನೆ ಮಾಡಿಕೊಂಡಿವೆ. ಒಡಿಶಾದವರೂ ಆ ಸಮುದ್ರ ದಾಟಿದವರೇ. ಅದರ ನೆನಪಿಗೆ ಇವತ್ತಿಗೂ ಕಟಕ್‌ನಲ್ಲಿ ಕಾರ್ತಿಕ ಹುಣ್ಣಿಮೆಗೆ ‘ಬಾಲಿ ಜಾತ್ರಾ’ ನಡೆಯುತ್ತದೆ.

ಎರಡು ದಿನ ಬಿಟ್ಟು ಹೆಂಡತಿ ಹೇಗಿದ್ದಾಳೆ ಅಂತ ಕೇಳಿದರೆ, ಆ ಗೆಳೆಯ ಇಂಗ್ಲಿಷಿನಲ್ಲಿ ಹೇಳಿದ್ದು: “ಈಗ ಅವನು ಆರಾಮಾಗಿದ್ದಾನೆ.” ನಾನು ಗೊಂದಲಕ್ಕೆ ಬಿದ್ದದ್ದು ನೋಡಿ ಅವನೇ ವಿವರಿಸಿದ. ಇಂಡೊನೇಷ್ಯನ್‌ನಲ್ಲಿ ಅವನಿಗೂ ಅವಳಿಗೂ ಒಂದೇ ಪದ, ‘ದಿಯಾ’. ಕ್ರಿಯಾಪದವೂ ಬದಲಾಗಲ್ಲ. ‘ದಿಯಾ ದಾತಾಂಗ್’ ಅಂದರೆ ಬಂದ, ಬಂದಳು, ಬರುತ್ತಾಳೆ ಎಲ್ಲವೂ ಆಯಿತು. ಯಾವಾಗ ಅನ್ನೋದು ‘ನಿನ್ನೆ’, ‘ನಾಳೆ’ ಸೇರಿಸಿದರೆ ತಿಳಿಯುತ್ತದೆ.

ಅವತ್ತು ರಾತ್ರಿ ಹೆಂಡತಿಯನ್ನು ಕೇಳಿದೆ, “ನಿಮ್ಮ ಒಡಿಯಾದಲ್ಲಿ ಹೆಂಗ?” ಅಲ್ಲೂ ಅಷ್ಟೇ! ‘ಸೇ ಆಸಿಲಾ’ ಅಂದರೆ ಅವನು ಬಂದ ಅಂತಲೂ ಹೌದು, ಅವಳು ಬಂದಳು ಅಂತಲೂ ಹೌದು. ಗೌರವ ಕೊಡಬೇಕಾದರೆ ‘ಸೇ ಆಸಿಲೇ’. ಲಿಂಗ ನೋಡಲ್ಲ, ಮರ್ಯಾದೆ ನೋಡುತ್ತದೆ. ಆಮೇಲೆ ಆಕೆ ಹೇಳಿದ್ದು ಕೇಳಿ ನನ್ನ ಹೊಟ್ಟೆ ಚುರ್ ಅಂತು. “ಬಂದ ಗಂಡಸರಿಗೆ ಅಂತ ಗೊತ್ತಿತ್ತು. ಬಂದಳು ಅಂದರೆ ಅತ್ತಿಗೆ ಏಕವಚನ ಆಗುತ್ತೆ, ತಪ್ಪು ಅನ್ನಿಸಿತು. ಅವಸರದಲ್ಲಿ ಉಳಿದದ್ದು ಅದೊಂದೇ.” ಅಂದರೆ ಆಕೆ ಮರ್ಯಾದೆ ಹುಡುಕುತ್ತಾ ಹೋಗಿ ‘ಬಂತು’ವಿಗೆ ಬಂದು ನಿಂತಿದ್ದಳು. ‘ಬಂದ್ರು’ ಅನ್ನೋದನ್ನು ನಾನು ಹೇಳಿಕೊಟ್ಟೇ ಇರಲಿಲ್ಲ.

ಇಷ್ಟಾದ ಮೇಲೆ ಮೂರೂ ಭಾಷೆಯನ್ನು ಪಕ್ಕಪಕ್ಕ ಇಟ್ಟು ನೋಡುವ ಹುಚ್ಚು ಹತ್ತಿತು. ಕನ್ನಡ ದ್ರಾವಿಡ, ಒಡಿಯಾ ಹಿಂದಿ–ಬಂಗಾಳಿಗಳ ಬಳಗ, ಇಂಡೊನೇಷ್ಯನ್ ಬೇರೆಯೇ ಮನೆತನ. ಆದರೂ ‘ನಾನು ಅನ್ನ ಉಣ್ಣಾಕತ್ತೀನಿ’ ಅನ್ನೋದು ಒಡಿಯಾದಲ್ಲಿ ‘ಮುಂ ಭಾತ ಖಾಉಛಿ’, ಪದಗಳು ಅದೇ ಸಾಲಿನಲ್ಲಿ. ಇಂಡೊನೇಷ್ಯನ್‌ನಲ್ಲಿ ‘ಸಾಯಾ ಮಾಕಾನ್ ನಾಸಿ’, ಉಣ್ಣೋದು ನಡುವೆ, ಅನ್ನ ಕೊನೆಗೆ. ಹಿಂದಿಯವರು ‘ಜಗನ್ನಾಥ್’ ಅಂತ ಕೊನೆ ನುಂಗಿದರೆ ಒಡಿಯಾದವರು ನಮ್ಮ ಹಾಗೆ ಪೂರ್ತಿ ಹೇಳುತ್ತಾರೆ. ಹಿಂದಿಯಲ್ಲಿ ಇಲ್ಲದ ‘ಳ’ ಅವರಲ್ಲಿದೆ. ಹಣ್ಣಿಗೆ ಅವರು ‘ಫಳ’ ಅಂತಾರೆ. ‘ಹೋಳಿಗಿ ಬಾಳ ಚಲೋ ಅದ’ ಅಂತ ಆಕೆ ಮೊದಲ ಸಲವೇ ಸರಿಯಾಗಿ ಅಂದದ್ದು ಅದಕ್ಕೇ. ನಮ್ಮೂರಿನ ಹೆಸರಿನ ‘ಗಡ’ವನ್ನೂ ಆಕೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಕೋಟೆಗೆ ಒಡಿಯಾದಲ್ಲೂ ಗಡವೇ.

ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, “ಹಂಗಂದ್ರ ಆಕಿ ನನಗ ಮರ್ಯಾದಿ ಕೊಡಾಕ ಹೋಗಿದ್ಲನು?” ಅಂದು ಸುಮ್ಮನಾದಳು. ಮರುದಿನ ಹೆಂಡತಿ ಸಂಬಲ್‌ಪುರಿ ಸೀರೆ ಉಟ್ಟಿದ್ದಳು. ಅವ್ವ ಸಣ್ಣವಳಿದ್ದಾಗ ಮನೆಯಲ್ಲಿ ಮಗ್ಗ ಇತ್ತು, ಸೀರೆ ಕಂಡರೆ ಕೈ ಸುಮ್ಮನಿರಲ್ಲ. ಸೆರಗು ಹಿಡಿದು ತಿರುವಿ ನೋಡಿದಳು.

“ಇದು ನೇಯ್ದ ಮ್ಯಾಲೆ ಹಚ್ಚಿದ ಬಣ್ಣ ಅಲ್ಲ. ಮೊದ್ಲ ನೂಲಿಗೇ ಕಟ್ಟ್ಯಾರ. ಇದಕ್ಕ ನಿಮ್ಮ ಕಡೆ ಏನಂತಾರವ್ವಾ?”

“ಬಾಂಧ,” ಅಂದಳು ಹೆಂಡತಿ, ನೂಲಿಗೆ ಗಂಟು ಬಿಗಿಯೋ ಹಾಗೆ ಬೆರಳಾಡಿಸಿ.

“ಬಂಧ! ಕಟ್ಟೂದು! ತಿಳೀತು ಬಿಡು.”

ನಾನು ನಡುವೆ ಬಾಯಿ ಹಾಕಿ, ಇಂಥ ನೇಯ್ಗೆಗೆ ಈಗ ಎಲ್ಲರೂ ಹೇಳುವ ‘ಇಕತ್’ ಇಂಡೊನೇಷ್ಯಾ ಕಡೆಯ ಮಾತು, ಅದರ ಅರ್ಥವೂ ಕಟ್ಟುವುದೇ ಅಂದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಅವ್ವ ಟ್ರಂಕಿನಿಂದ ತನ್ನ ಇಳಕಲ್ ಸೀರೆ ತೆಗೆದು, ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕುಣಿಕೆ ಹಾಕಿ ಹೆಂಗ ಜೋಡಿಸ್ತಾರ ಅಂತ ತೋರಿಸುತ್ತಿದ್ದಳು. ಅರ್ಧ ಕನ್ನಡ, ಅರ್ಧ ಕೈಸನ್ನೆ. ಒಂದು ತಾಸು ಹಂಗೇ ನಡೆಯಿತು.

ನಿಮ್ಮ ಮನೆಯಲ್ಲೋ ಪಿಜಿಯಲ್ಲೋ ಯಾರಾದರೂ ತಪ್ಪು ಕನ್ನಡ ಮಾತಾಡಿದರೆ, ನಗುವ ಮೊದಲು “ನಿಮ್ಮ ಭಾಷೆಯಲ್ಲಿ ಇದಕ್ಕೇನಂತೀರಿ?” ಅಂತ ಒಮ್ಮೆ ಕೇಳಿ. ನಾನು ಕೇಳೋಕೆ ಆರು ತಿಂಗಳು ತಗೊಂಡೆ.

ಮೊನ್ನೆ ಅವ್ವ ಬೆಂಗಳೂರಿಗೆ ಬಂದಳು. ಬಾಗಿಲು ತೆರೆದ ಹೆಂಡತಿ ಜೋರಾಗಿ, “ಅತ್ತಿ ಬಂದ್ರು!” ಅಂದಳು. ಅವ್ವ ಚೀಲ ಇಳಿಸಿ ನನ್ನ ಕಡೆ ಬೆರಳು ಮಾಡಿ, “ಇದು ಎದ್ದೈತೋ ಇನ್ನಾ ಮಲಗೇತೋ?” ಅಂತ ಸೊಸೆಯನ್ನು ಕೇಳಿದಳು.