ಮೂತ್ರಪಿಂಡದ ರೋಗವೂ ರಕ್ತದ ಕೊರತೆಯೂ

ಅಘನಾಶಿನಿಯು ಕಡಲನ್ನು ಸೇರುವ ತದಡಿಯ ಬಂದರದಲ್ಲಿ ನಸುಕಿನಿಂದಲೇ ದುಡಿಮೆ ಆರಂಭವಾಗುವದು. ಅಲ್ಲಿ ಬಲೆಯೆಳೆಯುವವನೊಬ್ಬನು ನಾಲ್ಕು ಹೆಜ್ಜೆಗೇ ಏದುಸಿರು ಬಿಡತೊಡಗಿದರೆ, "ಮೈಯಲ್ಲಿ ರಕ್ತ ಸಾಲದು" ಎಂದು ಜನರು ಹೇಳುವರು. ಅಂಗಡಿಯಿಂದ ಟಾನಿಕ್ಕಿನ ಬಾಟಲಿ ಬರುವದು. ಮಾತು ನಿಜವಿರಬಹುದು. ಆದರೆ ರಕ್ತವು ಏಕೆ ಸಾಲದಾಯಿತೆಂದು ವಿಚಾರಿಸುವವರು ವಿರಳ. ಈ ಒಂದು ಪ್ರಶ್ನೆಯನ್ನು ಕೇಳದಿರುವದರಿಂದ ಮೂತ್ರಪಿಂಡದ ರೋಗವು ಸದ್ದಿಲ್ಲದೆ ಬಲಿಯುವದೆಂಬದನ್ನು ನಾವು ವಾಚಕರ ಲಕ್ಷ್ಯಕ್ಕೆ ತರಬಯಸುತ್ತೇವೆ.

ಮೂತ್ರಪಿಂಡವು ಬರಿಯ ಜರಡಿಯಲ್ಲ. ಕೆಂಪು ರಕ್ತಕಣಗಳನ್ನು ಹುಟ್ಟಿಸುವಂತೆ ಎಲುಬಿನ ಮಜ್ಜೆಯನ್ನು ಪ್ರೇರಿಸುವ ಎರಿತ್ರೊಪೊಯಟಿನ್ ಎಂಬ ದ್ರವ್ಯವು ಬಹುಮಟ್ಟಿಗೆ ಅಲ್ಲಿಯೇ ಸಿದ್ಧವಾಗುವದು. ಮಧುಮೇಹದಿಂದಲೋ ರಕ್ತದೊತ್ತಡದಿಂದಲೋ ಮೂತ್ರಪಿಂಡವು ಸವೆದಂತೆ ಈ ದ್ರವ್ಯವೂ ಕುಂದುವದು. ಅಂಥವನಿಗೆ ಟಾನಿಕ್ಕೊಂದೇ ಸಾಲದು. ಮೈಯಲ್ಲಿಯ ಕಬ್ಬಿಣದ ಪ್ರಮಾಣವನ್ನು ಪರೀಕ್ಷಿಸಿ, ಕೊರತೆಯಿದ್ದರೆ ಗುಳಿಗೆಯಿಂದಾಗಲಿ ರಕ್ತನಾಳದ ಮೂಲಕವಾಗಲಿ ತುಂಬಿ, ಅವಶ್ಯವಿದ್ದಲ್ಲಿ ಎರಿತ್ರೊಪೊಯಟಿನ್ನಿನ ಚುಚ್ಚುಮದ್ದನ್ನು ಕೊಡತಕ್ಕದ್ದು. ಇಲ್ಲಿಯೂ ಮಿತಿಯುಂಟು. ಹಿಮೊಗ್ಲೋಬಿನ್ನನ್ನು ಸಾಮಾನ್ಯವಾಗಿ ೧೦ರಿಂದ ೧೧.೫ರವರೆಗೆ ಕಾಯ್ದುಕೊಳ್ಳುವರು, ಮದ್ದಿನ ಬಲದಿಂದ ೧೩ಕ್ಕಿಂತ ಮೇಲೇರಿಸಿದರೆ ಪಾರ್ಶ್ವವಾಯುವಿನ ಭಯವಿದೆ. ಮೇಲಿಂದ ಮೇಲೆ ಪರರಕ್ತವನ್ನು ಕೊಡಿಸುವದೂ ಹಿತವಲ್ಲ. ಮುಂದೆ ಮೂತ್ರಪಿಂಡವನ್ನು ಕಸಿಮಾಡುವಾಗ ಅದರಿಂದ ತೊಡಕುಂಟಾದೀತು.

ಕರಾವಳಿಯ ಊಟದಲ್ಲಿಯೂ ಎಚ್ಚರಿಕೆ ಬೇಕು. ಒಣಮೀನು, ಉಪ್ಪಿನಕಾಯಿಗಳ ಉಪ್ಪು ರಕ್ತದೊತ್ತಡವನ್ನು ಹೆಚ್ಚಿಸುವದು. ಆರೋಗ್ಯವಂತನಿಗೆ ಅಮೃತಪ್ರಾಯವಾದ ಎಳನೀರು, ಪೊಟ್ಯಾಸಿಯಮ್ ಅಧಿಕವಾಗಿರುವದರಿಂದ, ರೋಗವು ಬಲಿತವನ ಹೃದಯವನ್ನೇ ನಿಲ್ಲಿಸಬಹುದು. ಮೈಕೈ ನೋವೆಂದು ವೈದ್ಯರನ್ನು ಕೇಳದೆ ದಿನದಿನವೂ ಗುಳಿಗೆ ನುಂಗುವ ರೂಢಿಯಂತೂ ಮೂತ್ರಪಿಂಡಕ್ಕೆ ಪರಮಶತ್ರು.

ಜನರ ಕರ್ತವ್ಯವನ್ನು ಹೇಳಿದ ಮೇಲೆ ಸರಕಾರದ ಕರ್ತವ್ಯವನ್ನು ಹೇಳದಿರಲಾಗದು. ೨೦೧೬ರಲ್ಲಿ ಕೇಂದ್ರ ಸರಕಾರವು ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಒದಗಿಸುವ ಯೋಜನೆಯನ್ನು ಸಾರಿತು. ಸ್ತುತ್ಯವಾದ ಕಾರ್ಯ. ಆದರೆ ಡಯಾಲಿಸಿಸ್ ಎಂಬದು ಕೊನೆಯ ಬಾಗಿಲು. ವಾರಕ್ಕೆ ಎರಡು ಮೂರು ಸಲ, ಪ್ರತಿಸಲವೂ ಸುಮಾರು ೪ ತಾಸು ಯಂತ್ರದೆದುರು ಮಲಗುವ ಕೂಲಿಯವನ ಮನೆಯಲ್ಲಿ ಒಲೆ ಉರಿಯುವದು ಹೇಗೆ? ದೊಡ್ಡ ಚಿಕಿತ್ಸೆಗೆಂದು ನಮ್ಮ ಜಿಲ್ಲೆಯವರು ನೂರು ಕಿಲೋಮೀಟರಿಗೂ ಮಿಕ್ಕಿದ ದೂರದ ಮಣಿಪಾಲ, ಮಂಗಳೂರುಗಳಿಗೆ ಓಡಬೇಕಾಗಿದೆ. ೨೦೨೨ನೆಯ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಮಡಿದುದನ್ನು ಜಿಲ್ಲೆಯು ಮರೆತಿಲ್ಲ.

ನಾವು ಕೇಳುವದು ಅರಮನೆಯನ್ನಲ್ಲ. ಮಧುಮೇಹ, ರಕ್ತದೊತ್ತಡಗಳುಳ್ಳ ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆಗಳು ಅವನ ಊರಿನ ಸಮೀಪದಲ್ಲಿಯೇ ಆಗಲಿ. ಎರಿತ್ರೊಪೊಯಟಿನ್ನಿನ ಚುಚ್ಚುಮದ್ದು ಆರೋಗ್ಯಕೇಂದ್ರದಲ್ಲಿಯೇ ತಪ್ಪದೆ ದೊರೆಯಲಿ. ಅದನ್ನು ೨ರಿಂದ ೮ ಡಿಗ್ರಿಯ ತಂಪಿನಲ್ಲಿ ಇಡಬೇಕಾಗುವದು, ನಿಜ. ಮಕ್ಕಳ ಲಸಿಕೆಗಳನ್ನು ಅದೇ ತಂಪಿನಲ್ಲಿ ಕಾಯುವ ಪೆಟ್ಟಿಗೆಗಳು ಅಧಿಕಾರಿಗಳ ಕೈಯಲ್ಲಿ ಇದ್ದೇ ಇವೆ. ಇಲ್ಲದಿರುವದು ಸಾಧನವಲ್ಲ, ಲಕ್ಷ್ಯ. ಬಂದರದ ಮೀನು ಕೆಡದಂತೆ ಪ್ರತಿದಿನವೂ ಮಂಜುಗಡ್ಡೆಯನ್ನು ಹೊಂದಿಸಬಲ್ಲ ನಾಡು, ಆ ಮೀನನ್ನು ಹಿಡಿಯುವವನ ಮದ್ದನ್ನು ಕಾಯಲಾರದೆ?