ಇಬ್ಬರಿಗೇ ಒಂದು ಮನೆ, ಏಳು ದಿನ

ಪ್ರವಾಸವೆಂದರೆ ನಮ್ಮ ಮನೆತನಗಳಲ್ಲಿ ಹತ್ತು ಜನ ಕೂಡಿ ಹೋಗುವುದೇ ವಾಡಿಕೆ. ಹಿರಿಯರ ಔಷಧದ ಚೀಲ, ಮಕ್ಕಳ ಹಾಲಿನ ಬಾಟಲಿ, ಬುತ್ತಿಯ ಗಂಟು, ದಾರಿಯಲ್ಲಿ ಸೇರಿಕೊಳ್ಳುವ ಇಬ್ಬರು ನಂಟರು, ಇವಿಲ್ಲದೆ ನಾವು ಉಳವಿಗೂ ಹೋದವರಲ್ಲ, ಜೋಗಕ್ಕೂ ಹೋದವರಲ್ಲ. ಗಂಡಹೆಂಡತಿ ಇಬ್ಬರೇ ಎಲ್ಲಿಯಾದರೂ ವಾರವಿದ್ದು ಬರುವುದು ಮದುವೆಯ ಹೊಸದರಲ್ಲಿ ಮಾತ್ರ ಸಲ್ಲುತ್ತದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ನಮಗಂತೂ ಹೊಸದರಲ್ಲಿಯೂ ಅದು ಕೂಡಿಬರಲಿಲ್ಲ. ಕಾರವಾರದ ಸಮುದ್ರ ತೋರಿಸುವೆನೆಂದು ಯಜಮಾನರು ಅಂದಿದ್ದರು. ಅದೇ ತಿಂಗಳು ಅತ್ತೆಯವರು ಜಾರಿ ಬಿದ್ದು ಹಾಸಿಗೆ ಹಿಡಿದರು. ಮುಂದೆ ಮೂವತ್ತೆಂಟು ವರ್ಷ ಆ ಮಾತನ್ನು ಯಾರೂ ಎತ್ತಲಿಲ್ಲ.

ಆದುದರಿಂದ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿರುವ ಮಗ ಸೊಸೆಯರು, ಕಳೆದ ಜೂನಿನಲ್ಲಿ ನಾವು ಅಲ್ಲಿದ್ದಾಗ, ನಾರ್ಥಂಬರ್‌ಲ್ಯಾಂಡ್ ಕರಾವಳಿಯ ಕ್ರ್ಯಾಸ್ಟರ್ ಎಂಬ ಹಳ್ಳಿಯಲ್ಲಿ ನಮ್ಮಿಬ್ಬರಿಗಾಗಿಯೇ ಒಂದು ಪುಟ್ಟ ಮನೆ ಹಿಡಿದಿರುವೆವೆಂದಾಗ ನಮಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಆ ದೇಶದಲ್ಲಿ ಇಂಥ ಮನೆಗಳನ್ನು ಬಹುಮಟ್ಟಿಗೆ ಶನಿವಾರದಿಂದ ಶನಿವಾರದವರೆಗೆ ಬಾಡಿಗೆಗೆ ಕೊಡುತ್ತಾರೆ. ಪಾತ್ರೆ, ಹಾಸಿಗೆ, ಒಲೆ ಎಲ್ಲವೂ ಇರುತ್ತವೆ, ಅಡುಗೆ ನಮ್ಮದು. ಸೊಸೆ ಜೋಳದ ಹಿಟ್ಟು, ಬೇಳೆ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಮಗ ಕಾರಿನಲ್ಲಿ ತಂದು ಬಿಟ್ಟು, ಬೀಗದ ಕೈ ಕೊಟ್ಟು ಹೊರಟುಹೋದ.

ಆ ಮೊದಲ ಸಂಜೆಯನ್ನು ಮುಚ್ಚಿಡದೆ ಹೇಳಬೇಕು. ನಮಗೆ ಮಾತೇ ಇರಲಿಲ್ಲ. ಊರಲ್ಲಿ ನಾವು ಆಡುವ ಮಾತೆಲ್ಲ ಮೂರನೆಯವರದು: ಮೈದುನನ ಸಾಲ, ಹೊಲದ ಕಾಲುವೆ, ಯಾರ ಮನೆಯ ಲಗ್ನಕ್ಕೆ ಎಷ್ಟು ಆಯೇರಿ. ಆ ಜನವೆಲ್ಲ ಸಾವಿರಾರು ಮೈಲಿ ದೂರ ಉಳಿದ ಮೇಲೆ ಎದುರುಬದುರು ಕುಳಿತ ನಾವಿಬ್ಬರು ಗೋಡೆಯ ಗಡಿಯಾರ ನೋಡಿದೆವು. ರಾತ್ರಿ ಒಂಬತ್ತಾದರೂ ಹೊತ್ತು ಮುಳುಗದ ಕಾಲವದು. ಮಲಗಲು ಕತ್ತಲೆಯ ನೆಪವೂ ಸಿಗಲಿಲ್ಲ.

ಮರುದಿನ ಮುಂಜಾನೆ ನಮ್ಮನ್ನು ಕಾಪಾಡಿದ್ದು ರೊಟ್ಟಿ. ಅಲ್ಲಿಯದು ಗಾಜಿನ ಹೊದಿಕೆಯ ವಿದ್ಯುತ್ ಒಲೆ. ಉರಿ ಇಲ್ಲದಲ್ಲಿ ರೊಟ್ಟಿ ಉಬ್ಬುವುದೆಲ್ಲಿಂದ? ಹಂಚು ಚೆನ್ನಾಗಿ ಕಾಯಲೆಂದು ಬಿಟ್ಟದ್ದೇ ತಡ, ಹಿಟ್ಟು ಸೀದು ಹೊಗೆಯೆದ್ದು, ಛಾವಣಿಯಲ್ಲಿದ್ದ ಹೊಗೆಯ ಗಂಟೆ ಊರೆಲ್ಲ ಕೇಳುವಂತೆ ಕಿರುಚತೊಡಗಿತು. ಯಜಮಾನರು ಪಂಚೆಯುಟ್ಟು ಕುರ್ಚಿಯ ಮೇಲೆ ನಿಂತು ಟವೆಲ್ಲಿನಿಂದ ಗಾಳಿ ಬೀಸಿದರು. ಪಕ್ಕದ ಮನೆಯ ವೃದ್ಧೆ ಬಾಗಿಲಿಗೆ ಬಂದು, ಸುಟ್ಟ ರೊಟ್ಟಿ ನೋಡಿ, ನಕ್ಕು ಹೋದರು. ಅನಂತರ ನಾವಿಬ್ಬರೂ ನಕ್ಕ ನಗೆ ಬಹು ದಿನಗಳ ಮೇಲಿನದು.

ಕ್ರ್ಯಾಸ್ಟರ್ ಹೆರಿಂಗ್ ಮೀನನ್ನು ಓಕ್ ಮರದ ಹೊಗೆಯಲ್ಲಿ ಒಣಗಿಸುವುದಕ್ಕೆ ಹೆಸರಾದ ಊರು. ಗಾಳಿ ತಿರುಗಿದಾಗಲೆಲ್ಲ ನಮ್ಮಂಥವರಿಗೆ ಆ ವಾಸನೆ ಕಷ್ಟವೇ, ಕಿಟಕಿ ಮುಚ್ಚಿದರಾಯಿತು. ಆದರೆ ಅಲ್ಲಿಯ ಸಣ್ಣ ಬಂದರಿನಲ್ಲಿ ನಮ್ಮ ದೇಶದ ನೆನಪೊಂದು ಎದುರಾದುದು ಅನಿರೀಕ್ಷಿತ. ಆ ಊರಿನ ಹೆಸರನ್ನೇ ಹೊತ್ತ ಜಮೀನ್ದಾರಿ ಮನೆತನದ ಮಗನೊಬ್ಬ ಪಂಜಾಬಿ ಪಲ್ಟಣದಲ್ಲಿ ಕ್ಯಾಪ್ಟನ್ ಆಗಿದ್ದು, 1904ರ ಟಿಬೆಟ್ ದಂಡಯಾತ್ರೆಯಲ್ಲಿ ಮಡಿದನು. ಅವನ ಸ್ಮರಣೆಗಾಗಿ ಮನೆಯವರು 1906ರಲ್ಲಿ ಈ ಬಂದರನ್ನು ಕಟ್ಟಿಸಿದರು. ಮಗನನ್ನು ಕಳೆದುಕೊಂಡವರು ಬೆಸ್ತರ ದೋಣಿಗಳಿಗೆ ನೆರಳು ಮಾಡಿಕೊಟ್ಟರೆಂದು ನಾವು ಅಲ್ಲಿ ಸ್ವಲ್ಪ ಹೊತ್ತು ನಿಂತೆವು.

ಬಂದರಿನಿಂದ ಎರಡು ಕಿಲೋಮೀಟರ್ ಕಡಲಂಚಿನ ಹುಲ್ಲಿನ ಮೇಲೆ ನಡೆದರೆ ಡನ್‌ಸ್ಟನ್‌ಬರಾ ಕೋಟೆ. ವಾಹನದ ದಾರಿಯಿಲ್ಲ, ಕುರಿಗಳ ನಡುವೆ ಕಾಲ್ನಡಿಗೆಯೊಂದೇ. ಲ್ಯಾಂಕಾಸ್ಟರಿನ ಅರ್ಲ್ ಥಾಮಸನು ತನ್ನ ಸಂಬಂಧಿಯಾದ ದೊರೆ ಎರಡನೆಯ ಎಡ್ವರ್ಡನೊಡನೆ ವೈರ ಕಟ್ಟಿಕೊಂಡ ಕಾಲದಲ್ಲಿ, 1313ರಲ್ಲಿ ಇದರ ಕೆಲಸ ಆರಂಭಿಸಿದನು. 1322ರಲ್ಲಿ ಸೋತು ಸೆರೆಸಿಕ್ಕು ತಲೆ ಕೊಟ್ಟನು. ಈಗ ಉಳಿದಿರುವುದು ಮುರಿದ ಹೆಬ್ಬಾಗಿಲ ಬುರುಜುಗಳು, ಒಂದಿಷ್ಟು ಗೋಡೆ, ಕೆಳಗೆ ಬಂಡೆಗೆ ಬಡಿಯುವ ಸಮುದ್ರ. ನಮ್ಮ ಮೊಣಕಾಲಿನ ನಿಮಿತ್ತ ಮೂರು ಕಡೆ ಕೂಡಬೇಕಾಯಿತು. ಮೂರನೆಯ ಸಲ ಕೂತಾಗ ಯಜಮಾನರು ಸಮುದ್ರ ನೋಡುತ್ತಲೇ, "ಕಾರವಾರದ ಮಾತು ನಿನಗ ನೆನಪೈತೇನು?" ಎಂದರು.

"ನನಗ ನೆನಪಿತ್ತು. ನಿಮಗೂ ಐತಿ ಅನ್ನೂದು ಗೊತ್ತಿರಲಿಲ್ಲರಿ."

ತಾಯಿ ಮಲಗಿದಾಗ ಹೆಂಡತಿಯ ಕೂಡ ತಿರುಗಲು ಹೋದನೆಂದು ಜನ ಆಡಿಕೊಂಡಾರೆಂಬ ಸಂಕೋಚ ಮೊದಲು ಅವರಿಗಿತ್ತಂತೆ. ಆರು ತಿಂಗಳಿಗೆ ತಾಯಿಗೆ ಗುಣವಾಯಿತು, ಸಂಕೋಚಕ್ಕೆ ಆಗಲಿಲ್ಲ. ನಾವೂ ನಮ್ಮ ಪಾಲಿನದನ್ನು ಹೇಳಿದೆವು: ಆ ಸಿಟ್ಟನ್ನು ಅತ್ತೆಯವರ ಮೇಲೆ ಎಷ್ಟೋ ವರ್ಷ ಮೌನದಿಂದ ತೀರಿಸಿಕೊಂಡಿದ್ದೆವು. ಅವರು ಈಗಿಲ್ಲ. ಆ ಮಾತು ಕೇಳಿ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಈ ಮೌನ ಮೊದಲ ಸಂಜೆಯ ಮೌನದಂತೆ ಇರಲಿಲ್ಲ.

ಬಸ್ಸಿನಲ್ಲಿ ಒಂದು ದಿನ ಬ್ಯಾಂಬರೋಗೆ ಹೋದೆವು. ಕಪ್ಪು ಬಂಡೆಯ ನೆತ್ತಿಯ ಮೇಲೆ ಭರ್ಜರಿ ಕೋಟೆ. 1464ರಲ್ಲಿ ಇಂಗ್ಲೆಂಡಿನಲ್ಲಿಯೇ ಮೊದಲ ಬಾರಿಗೆ ಫಿರಂಗಿಯ ಹೊಡೆತಕ್ಕೆ ಬಿದ್ದ ಕೋಟೆ ಇದು. 1894ರಲ್ಲಿ ಇದನ್ನು ಕೊಂಡು ಜೀರ್ಣೋದ್ಧಾರಕ್ಕೆ ತೊಡಗಿದ ಲಾರ್ಡ್ ಆರ್ಮ್‌ಸ್ಟ್ರಾಂಗ್ ಫಿರಂಗಿ ತಯಾರಿಸಿಯೇ ಸಿರಿವಂತನಾದವನೆಂಬುದು ವಿಚಿತ್ರ; ಕೆಲಸ ಮುಗಿಯುವ ಮೊದಲೇ 1900ರಲ್ಲಿ ತೀರಿಕೊಂಡನು. ನಮಗೆ ಕೋಟೆಗಿಂತ ಮನಸ್ಸಿನಲ್ಲಿ ನಿಂತದ್ದು ಅಲ್ಲಿಯ ಚರ್ಚಿನ ಅಂಗಳದ ಒಂದು ಸ್ಮಾರಕ. ದೀಪಸ್ತಂಭದ ಕಾವಲುಗಾರನ ಮಗಳು ಗ್ರೇಸ್ ಡಾರ್ಲಿಂಗ್, ವಯಸ್ಸು 22. 1838ರ ಸೆಪ್ಟೆಂಬರ್ 7ರಂದು ಫಾರ್ಫರ್‌ಶೈರ್ ಎಂಬ ಹಡಗು ಫಾರ್ನ್ ದ್ವೀಪಗಳ ಬಂಡೆಗೆ ಬಡಿದು ಒಡೆದಾಗ, ತಂದೆಯೊಡನೆ ಬಿರುಗಾಳಿಯಲ್ಲಿ ದೋಣಿಯ ಹುಟ್ಟು ಹಾಕಿ ಹೋದಳು. ಎರಡು ಸರದಿಯಲ್ಲಿ ಒಂಬತ್ತು ಜನ ಬದುಕಿದರು. ಮೊದಲ ಸರದಿಯಲ್ಲಿ ಬಂದ ಒಬ್ಬಳೇ ಹೆಂಗಸು ತನ್ನ ಎರಡು ಮಕ್ಕಳನ್ನು ಆ ಬಂಡೆಯ ಮೇಲೆಯೇ ಕಳೆದುಕೊಂಡಿದ್ದಳು. ಗ್ರೇಸ್ ಕೂಡ 1842ರಲ್ಲಿ ಕ್ಷಯದಿಂದ ತೀರಿಹೋದಳು, 26ನೆಯ ವಯಸ್ಸಿನಲ್ಲಿ.

ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗುವವರು ಮೊದಲು ಭರತ ಇಳಿತಗಳ ವೇಳಾಪಟ್ಟಿ ನೋಡಲೇಬೇಕು. ದಿನಕ್ಕೆರಡು ಸಲ ಸಮುದ್ರ ರಸ್ತೆಯನ್ನು ನುಂಗುತ್ತದೆ. ಸಿಕ್ಕಿಬಿದ್ದವರಿಗೆಂದು ನಡುವೆ ಕಂಬಗಳ ಮೇಲೆ ಒಂದು ಗೂಡು ಕಟ್ಟಿದ್ದಾರೆ. ನಮ್ಮ ಟ್ಯಾಕ್ಸಿಯವನು ಎರಡು ಗಂಟೆಯೆಂದರೆ ಎರಡೇ ಗಂಟೆ, ತಡವಾದರೆ ರಾತ್ರಿ ಅಲ್ಲಿಯೇ ವಸ್ತಿ ಎಂದು ಖಂಡಿತವಾಗಿ ಹೇಳಿದ್ದನು. 635ರಲ್ಲಿ ಸಂತ ಐಡನ್ ಮಠ ಕಟ್ಟಿದ, 793ರಲ್ಲಿ ವೈಕಿಂಗರು ಸುಲಿದ ಸ್ಥಳವಿದು. ದಿಬ್ಬದ ಮೇಲಿನ ಹಳೆಯ ಕೋಟೆಯನ್ನು ಕಳೆದ ಶತಮಾನದ ಮೊದಲಲ್ಲಿ ವಾಸದ ಮನೆಯಾಗಿ ಮಾರ್ಪಡಿಸಿದವನು ಎಡ್ವಿನ್ ಲುಟಿಯನ್ಸ್, ಮುಂದೆ ದಿಲ್ಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದವನೇ. ದಿಲ್ಲಿಯ ಆ ವೈಭವ ಕಂಡವರಿಗೆ ಇಲ್ಲಿಯ ಸಣ್ಣ ಕೋಣೆಗಳು, ತಗ್ಗು ಬಾಗಿಲುಗಳು ಸೋಜಿಗವೆನಿಸುತ್ತವೆ.

ನಾವು ಕೆಳಗೆ ಬೆಂಚಿನ ಮೇಲೆ ಕುಳಿತೆವು, ಮೊಣಕಾಲು ಒಪ್ಪಲಿಲ್ಲ. ಯಜಮಾನರೊಬ್ಬರೇ ಹತ್ತಬಹುದಿತ್ತು, ಊರಲ್ಲಾಗಿದ್ದರೆ ಹತ್ತಿರುತ್ತಿದ್ದರು. ಅರ್ಧ ಏರಿದವರು ತಿರುಗಿ ನೋಡಿ, ಇಳಿದು ಬಂದು ಬೆಂಚಿನಲ್ಲಿ ಕುಳಿತರು. ಕೋಣೆಗಳನ್ನು ನಾವು ಚಿತ್ರದಲ್ಲಿ ನೋಡಿದ್ದಷ್ಟೇ. ಒಂದೂವರೆ ಗಂಟೆಯ ಹೊತ್ತಿಗೇ ದೂರದ ಮರಳ ಮೇಲೆ ನೀರಿನ ಗೆರೆಗಳು ಹೊಳೆಯತೊಡಗಿದವು, ಟ್ಯಾಕ್ಸಿಯವನು ಹಾರ್ನ್ ಹೊಡೆದನು.

ಹೋಗುವವರಿಗೆ ಎರಡು ಮಾತು. ಜೂನ್ ತಿಂಗಳಾದರೂ ಅಲ್ಲಿಯ ಗಾಳಿಗೆ ಉಣ್ಣೆಯ ಅಂಗಿ ಬೇಕು. ಮನೆಯನ್ನು ಬಹಳ ಮುಂಚೆಯೇ ಹಿಡಿಯಬೇಕು. ರೊಟ್ಟಿಯ ಹಂಬಲ ಬಿಟ್ಟು ಚಪಾತಿಗೆ ಒಪ್ಪಿಕೊಂಡರೆ ಹೊಗೆಯ ಗಂಟೆಯ ತಂಟೆಯಿಲ್ಲ.

ಶನಿವಾರ ಹತ್ತು ಗಂಟೆಗೆ ಮಗ ಬಂದನು. ಅರ್ಧ ಉಳಿದ ಜೋಳದ ಹಿಟ್ಟಿನ ಚೀಲ ನೋಡಿ, "ಏನವ್ವಾ, ವಾರವೆಲ್ಲ ಉಪವಾಸ ಇದ್ರೇನು?" ಎಂದು ಕೇಳಿದನು. ಯಜಮಾನರು ಹೊಗೆಯ ಗಂಟೆಯ ಕಥೆಯನ್ನು ನ್ಯೂಕ್ಯಾಸಲ್ ಮುಟ್ಟುವವರೆಗೂ ಹೇಳಿದರು.